ಆದಿ ಕ್ರೈಸ್ತರು ಪೇಗನ್ ದೇವರುಗಳನ್ನು ‘ಇಲ್ಲ’ವೆಂದರೋ, ‘ದುಷ್ಟಶಕ್ತಿ’ಗಳೆಂದರೋ?

ಹೊತ್ತಗೆಹುಳು (ಚರ್ಚೆ ಆರಂಭಿಸಿದವರು)

ಬಿಡುವು ಸಿಕ್ಕಾಗಲೆಲ್ಲ ಎರಡನೆಯ ಶತಮಾನದಿಂದ ಐದನೆಯ ಶತಮಾನದವರೆಗಿನ ಕ್ರೈಸ್ತ ಲೇಖಕರನ್ನು ಅನುವಾದಗಳಲ್ಲಿ ಓದುತ್ತಿದ್ದೇನೆ. ಜಸ್ಟಿನ್, ಟರ್ಟುಲಿಯನ್, ಮಿನೂಸಿಯಸ್ ಫೆಲಿಕ್ಸ್, ಲ್ಯಾಕ್ಟಾಂಟಿಯಸ್ ಇವರನ್ನು ಮುಗಿಸಿ ಈಗ ಅಗಸ್ಟೀನನ ‘ದೇವನಗರ’ದ ನಡುಭಾಗದಲ್ಲಿದ್ದೇನೆ. ಓದುತ್ತ ಹೋದಂತೆ ಒಂದು ತೊಡಕು ಬಿಡದೆ ಕಾಡುತ್ತಿದೆ.

ರೋಮನ್ನರ, ಗ್ರೀಕರ ದೇವರುಗಳ ವಿರುದ್ಧ ಇವರು ಹೂಡುವ ವಾದಗಳು ಮುಖ್ಯವಾಗಿ ಮೂರು. ನೀವು ಪೂಜಿಸುವುದು ಬರಿಯ ಮರ, ಕಲ್ಲು, ಕಂಚು ಎಂಬುದು ಮೊದಲನೆಯದು. ಜ್ಯೂಪಿಟರ್, ಸ್ಯಾಟರ್ನ್, ಹರ್ಕ್ಯುಲಿಸ್ ಇವರೆಲ್ಲ ಒಂದು ಕಾಲದಲ್ಲಿ ಬದುಕಿ ಸತ್ತ ಮನುಷ್ಯರು ಎಂಬುದು ಎರಡನೆಯದು. ಮೂರನೆಯದು, ಬಲಿಪೀಠದ ಹಿಂದೆ ಅಡಗಿ ಕುಳಿತು ನಿಮ್ಮನ್ನು ಮೋಸಗೊಳಿಸುತ್ತಿರುವವರು ದುಷ್ಟ ಶಕ್ತಿಗಳಾದ ದೈಮೋನ್‌ಗಳು ಎಂಬ ವಾದ. ಒಬ್ಬನೇ ಲೇಖಕ ಕೆಲವೇ ಪುಟಗಳ ಅಂತರದಲ್ಲಿ ಈ ಮೂರನ್ನೂ ಹೇಳುತ್ತಾನೆ, ಮತ್ತು ಅವುಗಳ ನಡುವೆ ಇಕ್ಕಟ್ಟೇನಾದರೂ ಇದೆಯೆಂದು ಅವನಿಗೆ ಅನ್ನಿಸಿದಂತೆಯೇ ಕಾಣುವುದಿಲ್ಲ. ಕಲ್ಲಿನಲ್ಲಿ ಏನೂ ಇಲ್ಲದಿದ್ದರೆ ಭಯಪಡಬೇಕಾದದ್ದೂ ಏನೂ ಇಲ್ಲ. ಅಲ್ಲಿ ದೈಮೋನ್ ಇದ್ದರೆ ಅದು ಬರಿಯ ಕಲ್ಲಲ್ಲ. ಹಾಗಿದ್ದ ಮೇಲೆ ಇವರ ನಿಲುವು ನಿಜಕ್ಕೂ ಏನು? ಬಲ್ಲವರು ತಿಳಿಸಬೇಕಾಗಿ ಕೋರಿಕೆ.

ಇನ್ನೊಂದು ಮಾತು. ‘ಪೇಗನ್’ ಎಂಬುದಕ್ಕೆ ಕನ್ನಡದಲ್ಲಿ ಒಪ್ಪುವ ಪದ ನನಗೆ ಸಿಕ್ಕಿಲ್ಲ. ಲ್ಯಾಟಿನ್ನಿನ ಆ ಪದಕ್ಕೆ ಹಳ್ಳಿಗ ಎಂಬ ಅರ್ಥವೂ, ಸೈನಿಕನಲ್ಲದ ಸಾಮಾನ್ಯ ಪ್ರಜೆ ಎಂಬ ಅರ್ಥವೂ ಇತ್ತು. ನಾಲ್ಕನೆಯ ಶತಮಾನದಲ್ಲಿ ಕ್ರೈಸ್ತರು ಅದನ್ನು ತಮ್ಮವರಲ್ಲದವರಿಗೆ ಅಂಟಿಸಿದರು. ಯಾರೂ ತಮ್ಮನ್ನು ತಾವು ಹಾಗೆ ಕರೆದುಕೊಳ್ಳುತ್ತಿರಲಿಲ್ಲ. ಬೇರೆ ದಾರಿ ಕಾಣದೆ ಅದನ್ನೇ ಬಳಸಿದ್ದೇನೆ.

ಲ್ಯಾಟಿನ್ ಕಲಿಕೆ

ನೀವು ಹೆಸರಿಸದ ಇನ್ನೊಬ್ಬ ಕ್ರೈಸ್ತ ಲೇಖಕ ಅಥೆನಾಗೊರಸ್‌ನನ್ನು ಮೊದಲು ಓದಿದ್ದರೆ ಈ ತೊಡಕು ಅರ್ಧದಷ್ಟು ಬಿಡಿಸಿಕೊಳ್ಳುತ್ತಿತ್ತು. ಸುಮಾರು 177ರಲ್ಲಿ ಚಕ್ರವರ್ತಿ ಮಾರ್ಕಸ್ ಔರೇಲಿಯಸ್ ಮತ್ತು ಅವನ ಮಗ ಕೊಮೊಡಸ್ ಇವರನ್ನು ಉದ್ದೇಶಿಸಿ ಆತ ಬರೆದ ಮನವಿಯಲ್ಲಿ ಈ ಮೂರು ವಾದಗಳೂ ಒಂದಕ್ಕೊಂದು ಹೊಂದಿಕೊಂಡು ನಿಂತಿವೆ. ಅವನ ಪ್ರಕಾರ ವಿಗ್ರಹವು ಜಡವಸ್ತು. ಆ ವಿಗ್ರಹಕ್ಕೆ ಇಟ್ಟಿರುವ ಹೆಸರು ಹಿಂದೆಂದೋ ಬದುಕಿದ್ದ ಮನುಷ್ಯನದು. ಆದರೆ ಜನರನ್ನು ಆ ವಿಗ್ರಹದ ಕಡೆಗೆ ಎಳೆಯುತ್ತಿರುವ ಶಕ್ತಿ ಮಾತ್ರ ಬಲಿಯ ರಕ್ತಕ್ಕೆ ಹಾತೊರೆಯುವ ದೈಮೋನ್‌ಗಳದು. ಹೀಗೆ ವಸ್ತು, ಹೆಸರು, ಶಕ್ತಿ ಎಂದು ಬೇರ್ಪಡಿಸಿದ ಮೇಲೆ ಮೂರೂ ಏಕಕಾಲದಲ್ಲಿ ನಿಜವಾಗಬಲ್ಲವು. ಒಂದು ದೇವಸ್ಥಾನದಲ್ಲಿ ರೋಗ ವಾಸಿಯಾಯಿತು ಎಂದು ಯಾರಾದರೂ ಸಾಕ್ಷಿ ತಂದರೆ ಅಥೆನಾಗೊರಸ್ ಅದನ್ನು ಅಲ್ಲಗಳೆಯಬೇಕಾಗಿಲ್ಲ. ವಾಸಿಮಾಡಿದ್ದು ಆ ಹೆಸರಿನ ದೇವರಲ್ಲ ಎಂದಷ್ಟೇ ಹೇಳಿದರೆ ಸಾಕು.

ಈ ಇಬ್ಬಂದಿತನದ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಕೀರ್ತನೆಗಳ ಪುಸ್ತಕದಲ್ಲಿ, ಇಂದಿನ ಎಣಿಕೆಯ 96ನೆಯ ಕೀರ್ತನೆಯ ಐದನೆಯ ವಚನದಲ್ಲಿ, ಜನಾಂಗಗಳ ದೇವರುಗಳೆಲ್ಲ ‘ಎಲಿಲೀಮ್’ ಎಂದು ಹೀಬ್ರೂ ಮೂಲ ಹೇಳುತ್ತದೆ. ಅಂದರೆ ಹುರುಳಿಲ್ಲದವು, ಬರಿ ಬೊಂಬೆಗಳು. ಕ್ರಿಸ್ತನಿಗೂ ಹಿಂದೆ ಯೆಹೂದ್ಯರೇ ಮಾಡಿಕೊಂಡ ಗ್ರೀಕ್ ಅನುವಾದದಲ್ಲಿ ಅದೇ ಜಾಗದಲ್ಲಿ ‘ದೈಮೋನಿಯಾ’ ಎಂಬ ಪದ ಬಂದು ಕುಳಿತಿತು. ಆದಿ ಕ್ರೈಸ್ತರು ಓದುತ್ತಿದ್ದದ್ದು ಆ ಗ್ರೀಕ್ ಪಠ್ಯವನ್ನು, ಅಥವಾ ಅದರಿಂದ ಹುಟ್ಟಿದ ಲ್ಯಾಟಿನ್ ಪಠ್ಯವನ್ನು. ನಮ್ಮ ಕನ್ನಡ ಬೈಬಲು ಹೀಬ್ರೂ ಮೂಲವನ್ನು ಅನುಸರಿಸುವುದರಿಂದ ಅಲ್ಲಿ ಹುಡುಕಿದರೆ ದೈಮೋನ್‌ಗಳು ಸಿಗುವುದಿಲ್ಲ, ಜಸ್ಟಿನ್ ಯಾವ ವಚನವನ್ನು ಆಧರಿಸಿ ಮಾತಾಡುತ್ತಿದ್ದಾನೆಂಬುದೂ ಹೊಳೆಯುವುದಿಲ್ಲ. ಪೌಲನಲ್ಲಿಯೂ ಎರಡು ಎಳೆಗಳಿವೆ: ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿ ವಿಗ್ರಹವೆಂಬುದು ಜಗತ್ತಿನಲ್ಲಿ ಏನೂ ಅಲ್ಲ ಎನ್ನುವ ಆತ, ಹತ್ತನೆಯ ಅಧ್ಯಾಯದಲ್ಲಿ ಅನ್ಯರು ಬಲಿ ಕೊಡುವುದು ದೈಮೋನ್‌ಗಳಿಗೆ ಎನ್ನುತ್ತಾನೆ.

ಗ್ರೀಕರ ಕಿವಿಗೆ ದೈಮೋನ್ ಎಂಬುದು ಬೈಗುಳವಾಗಿರಲಿಲ್ಲ ಎಂಬುದನ್ನೂ ಮರೆಯಬಾರದು. ಪ್ಲೇಟೋನ ಅನುಯಾಯಿಗಳಿಗೆ ಅದು ದೇವರಿಗೂ ಮನುಷ್ಯರಿಗೂ ನಡುವೆ ಓಡಾಡುವ ಮಧ್ಯವರ್ತಿ. ಕ್ರೈಸ್ತರು ಎದುರಾಳಿಯ ಮನೆಯ ಪದವನ್ನೇ ಎತ್ತಿಕೊಂಡು ಅದರ ಮುಖಕ್ಕೆ ಮಸಿ ಬಳಿದರು.

ತಾಲ್ಲೂಕು ವಕೀಲ

ಮಿನೂಸಿಯಸ್ ಫೆಲಿಕ್ಸ್ ವಕೀಲನಾಗಿದ್ದ ಎಂಬುದನ್ನು ನೆನಪಿಸಬೇಕೆನ್ನಿಸಿತು. ನಮ್ಮ ನ್ಯಾಯಾಲಯಗಳಲ್ಲಿ ಸಾಲದ ದಾವೆಗೆ ಪ್ರತಿವಾದಿ ಸಲ್ಲಿಸುವ ತಕರಾರನ್ನು ನೋಡಿದವರಿಗೆ ಇಂಥ ಮೂರು ಎಳೆಯ ವಾದ ಹೊಸದಾಗಿ ಕಾಣುವುದಿಲ್ಲ. ಸಾಲ ಪಡೆದೇ ಇಲ್ಲ. ಪಡೆದಿದ್ದರೆಂದು ಇಟ್ಟುಕೊಂಡರೂ ತೀರಿಸಿಯಾಗಿದೆ. ತೀರಿಸಿಲ್ಲವೆಂದು ಇಟ್ಟುಕೊಂಡರೂ ದಾವೆ ಕಾಲಮಿತಿ ಮೀರಿದೆ. ಇವು ಒಂದಕ್ಕೊಂದು ವಿರುದ್ಧವೆಂದು ಯಾವ ನ್ಯಾಯಾಧೀಶರೂ ಅರ್ಜಿಯನ್ನು ಹಿಂದಿರುಗಿಸುವುದಿಲ್ಲ, ಏಕೆಂದರೆ ಒಂದೊಂದೂ ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ. ಮಿನೂಸಿಯಸ್‌ನ ಸಂವಾದದ ಹಿನ್ನೆಲೆಯೂ ಹಾಗೆಯೇ ಇದೆ. ದ್ರಾಕ್ಷಿ ಸುಗ್ಗಿಗಾಗಿ ನ್ಯಾಯಾಲಯಕ್ಕೆ ರಜೆ ಬಂದಾಗ ಮೂವರು ಗೆಳೆಯರು ಓಸ್ಟಿಯಾದ ಕಡಲತೀರದಲ್ಲಿ ನಡೆಯುತ್ತಿರುತ್ತಾರೆ. ಅವರಲ್ಲೊಬ್ಬನಾದ ಸಿಸೀಲಿಯಸ್ ದಾರಿಯಲ್ಲಿ ಕಂಡ, ಈಜಿಪ್ಟ್ ಮೂಲದ ದೇವರು ಸೆರಾಪಿಸನ ವಿಗ್ರಹಕ್ಕೆ ಕೈಯನ್ನು ತುಟಿಗೊತ್ತಿ ಮುತ್ತಿಡುತ್ತಾನೆ. ಅಷ್ಟಕ್ಕೇ ಇಡೀ ವಾದ ಹೊತ್ತಿಕೊಳ್ಳುತ್ತದೆ. ಮಾತು ಗಂಭೀರವಾಗುವ ಮೊದಲು ಹುಡುಗರು ಅಲೆ ಸವೆಸಿದ ಚೂರುಗಳನ್ನು ನೀರಿನ ಮೇಲೆ ಜಿಗಿಜಿಗಿದು ಹೋಗುವಂತೆ ಎಸೆಯುವುದನ್ನು ಮೂವರೂ ನಿಂತು ನೋಡುತ್ತಾರೆ. ಅಷ್ಟು ಹಳೆಯ ಪುಸ್ತಕದಲ್ಲಿ ಆ ಸಣ್ಣ ನೋಟ ನನಗೆ ಬಹಳ ಹಿಡಿಸಿತು.

ಒಬ್ಬ ಸಂದೇಹಿ

ಮೂರು ವಾದಗಳನ್ನು ಹೊಂದಿಸಬಹುದು ಎಂಬುದನ್ನು ಒಪ್ಪುತ್ತೇನೆ. ಆದರೆ ಮೊದಲನೆಯ ವಾದ ಪ್ರಾಮಾಣಿಕವಾದದ್ದೇ ಎಂಬ ಪ್ರಶ್ನೆ ಉಳಿಯುತ್ತದೆ. ಮಿನೂಸಿಯಸ್‌ನ ಪಾತ್ರಧಾರಿ ಆಕ್ಟೇವಿಯಸ್ ಹೇಳುವುದನ್ನು ನೋಡಿ: ಎರಕ ಹೊಯ್ದರು, ಬಡಿದರು, ಕೆತ್ತಿದರು, ಇನ್ನೂ ದೇವರಾಗಿಲ್ಲ, ಸೀಸ ಹಾಕಿ ಬೆಸೆದರು, ಜೋಡಿಸಿದರು, ಎತ್ತಿ ನಿಲ್ಲಿಸಿದರು, ಈಗಲೂ ದೇವರಾಗಿಲ್ಲ, ಅಲಂಕರಿಸಿ, ಪ್ರತಿಷ್ಠಾಪಿಸಿ, ಪ್ರಾರ್ಥಿಸಿದರು, ಇಗೋ ಈಗ ದೇವರಾಯಿತು. ಅದೇ ಭಾಗದಲ್ಲಿ ಇಲಿ, ಗುಬ್ಬಚ್ಚಿಯಂಥ ಹಕ್ಕಿ, ಹದ್ದುಗಳಿಗೆ ನಿಮ್ಮ ದೇವರ ಯೋಗ್ಯತೆ ನಿಮಗಿಂತ ಚೆನ್ನಾಗಿ ಗೊತ್ತು, ಅವು ದೇವರ ಬಾಯಲ್ಲೇ ಗೂಡು ಕಟ್ಟುತ್ತವೆ, ಜೇಡ ಅವನ ಮುಖದ ಮೇಲೆ ಬಲೆ ನೇಯುತ್ತದೆ, ನೀವು ಒರೆಸಿ ಉಜ್ಜಿ ಕಾಪಾಡುತ್ತೀರಿ ಎಂಬ ಕುಹಕವೂ ಇದೆ. ಓದಲು ಸೊಗಸಾಗಿದೆ. ಆದರೆ ವಿಗ್ರಹವನ್ನೇ ದೇವರೆಂದು ತಿಳಿದ ವಿದ್ಯಾವಂತ ರೋಮನ್ ಎಲ್ಲಿದ್ದ?

ಕ್ರೈಸ್ತರನ್ನು ಟೀಕಿಸಿದ ಪೇಗನ್ ಲೇಖಕ ಸೆಲ್ಸಸ್ ಎರಡನೆಯ ಶತಮಾನದಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದ. ಇವು ದೇವರುಗಳಿಗೆ ಅರ್ಪಿಸಿದ ಪ್ರತಿಮೆಗಳು ಎಂಬುದು ಹಸುಗೂಸಿಗಲ್ಲದೆ ಇನ್ನಾರಿಗೆ ತಿಳಿಯದು ಎಂದು ಕೇಳುತ್ತಾನೆ ಆತ, ಮತ್ತು ವಿಗ್ರಹಗಳಿಗೆ ಪ್ರಾರ್ಥಿಸುವುದು ಮನೆಯ ಗೋಡೆಯೊಂದಿಗೆ ಹರಟಿದಂತೆ ಎಂದು ಹೆರಾಕ್ಲಿಟಸ್ ಹೇಳಿದ ಮಾತು ತಮ್ಮದೇ ಪರಂಪರೆಯದು ಎಂದು ನೆನಪಿಸುತ್ತಾನೆ. ಮುಂದೆ ಪೇಗನ್ ತತ್ತ್ವಜ್ಞಾನಿ ಪೋರ್ಫಿರಿ ಇದನ್ನೇ ಇನ್ನಷ್ಟು ಚೆಂದವಾಗಿ ಹೇಳಿದ: ಅಕ್ಷರ ಬಾರದವನಿಗೆ ಶಾಸನವೆಂದರೆ ಬರಿ ಕಲ್ಲು, ಬರೆಯುವ ಹಲಗೆಯೆಂದರೆ ಬರಿ ಮರ, ಪುಸ್ತಕವೆಂದರೆ ಹೆಣೆದ ಪಪೈರಸ್ ನಾರು; ವಿಗ್ರಹದಲ್ಲಿ ಕಲ್ಲನ್ನು ಮಾತ್ರ ಕಾಣುವವನೂ ಅಂಥವನೇ.

ಇವರ ಮಾತುಗಳು ನಮಗೆ ದೊರೆತಿರುವ ಬಗೆಯನ್ನೂ ಗಮನಿಸಬೇಕು. ಸೆಲ್ಸಸ್‌ನ ಪುಸ್ತಕ ಕಳೆದುಹೋಗಿದೆ; ಸುಮಾರು 248ರಲ್ಲಿ ಅವನನ್ನು ಖಂಡಿಸಲು ಕ್ರೈಸ್ತ ವಿದ್ವಾಂಸ ಓರಿಜೆನ್ ಬರೆದ ಎಂಟು ಸಂಪುಟಗಳಲ್ಲಿ ಸಾಲುಸಾಲಾಗಿ ಉದ್ಧರಿಸಿದ್ದರಿಂದ ಅದು ಉಳಿದಿದೆ. ವಿಗ್ರಹಗಳ ಬಗೆಗಿನ ಪೋರ್ಫಿರಿಯ ಮಾತು ಕ್ರೈಸ್ತ ಬಿಷಪ್ ಯುಸೀಬಿಯಸ್‌ನ ಗ್ರಂಥದಿಂದ ಸಿಕ್ಕಿದೆ. ಅದೇ ಪೋರ್ಫಿರಿ ಕ್ರೈಸ್ತರ ವಿರುದ್ಧ ಬರೆದ ಗ್ರಂಥವನ್ನು 448ರಲ್ಲಿ ಚಕ್ರವರ್ತಿಯ ಆಜ್ಞೆಯಂತೆ ಸುಡಲಾಯಿತು. ಸೋತವನ ವಕಾಲತ್ತನ್ನು ಗೆದ್ದವನ ಕಡತದಿಂದ ಹೆಕ್ಕಿ ಓದುತ್ತಿದ್ದೇವೆ.

ಮೇಷ್ಟ್ರು

ಸಂದೇಹಿಯವರ ಮಾತು ಸರಿ, ಆದರೆ ಅಗಸ್ಟೀನನ ಬಳಿಗೆ ಬಂದರೆ ಆಟದ ನಿಯಮ ಬದಲಾಗುತ್ತದೆ. ಆತ ಕಲ್ಲು ಮರಗಳ ಕುಹಕದ ಮೇಲೆ ಹೆಚ್ಚು ಭಾರ ಹಾಕುವುದಿಲ್ಲ. ಎದುರಾಳಿಗಳ ಪೈಕಿ ಅತ್ಯಂತ ವಿದ್ವಾಂಸನೂ ದೇಶಾಭಿಮಾನಿಯೂ ಆದವನನ್ನು ಆರಿಸಿಕೊಂಡು, ಅವನ ಕೈಬರಹದಿಂದಲೇ ಅವನನ್ನು ಕಟ್ಟಿಹಾಕುತ್ತಾನೆ. ಕ್ರಿಸ್ತಪೂರ್ವ ಒಂದನೆಯ ಶತಮಾನದ ವಾರೋ ಆ ವಿದ್ವಾಂಸ. ರೋಮಿನ ಮಾನವ ಮತ್ತು ದೈವ ವಿಷಯಗಳ ಪ್ರಾಚೀನತೆಯನ್ನು ಕುರಿತು ಆತ 41 ಸಂಪುಟಗಳನ್ನು ಬರೆದ, ಅವುಗಳಲ್ಲಿ 25 ಮನುಷ್ಯರ ವಿಚಾರಕ್ಕೆ, 16 ದೇವರುಗಳ ವಿಚಾರಕ್ಕೆ. ತಮ್ಮವರ ಅಲಕ್ಷ್ಯದಿಂದ ದೇವರುಗಳು ಮರೆತುಹೋದಾರು ಎಂಬ ಆತಂಕದಿಂದ ಬರೆದ ಗ್ರಂಥವದು. ಇಂದು ಆ 16 ಸಂಪುಟಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಅಗಸ್ಟೀನನಿಂದ ಬಂದದ್ದು.

‘ದೇವನಗರ’ದ ನಾಲ್ಕನೆಯ ಸಂಪುಟದ ಎಂಟನೆಯ ಅಧ್ಯಾಯವನ್ನು ಹೊತ್ತಗೆಹುಳು ಅವರು ಈಗಾಗಲೇ ದಾಟಿರಬೇಕು. ಕೃಷಿ ಬಲ್ಲ ಕನ್ನಡಿಗರು ಅದನ್ನು ಓದಿದರೆ ನಗದೆ ಇರಲಾರರು. ಬೀಜ ನೆಲದೊಳಗೆ ಇರುವಷ್ಟು ಕಾಲ ಸೇಯಾ ಎಂಬ ದೇವಿಯ ಹೊಣೆ. ನೆಲದ ಮೇಲೆ ಪೈರಾಗಿ ನಿಂತಾಗ ಸೆಗೆಟಿಯಾ. ಕೊಯ್ದು ಕೂಡಿಟ್ಟ ಮೇಲೆ ಕಾಯಲು ಟುಟಿಲಿನಾ. ಇಷ್ಟಕ್ಕೆ ಮುಗಿಯಲಿಲ್ಲ. ಮೊಳಕೆಗೆ ಪ್ರೊಸೆರ್ಪಿನಾ, ದಂಟಿನ ಗೆಣ್ಣಿಗೆ ನೊಡೂಟಸ್, ತೆನೆಯನ್ನು ಸುತ್ತಿಕೊಂಡ ಹೊಡೆಗೆ ವೊಲುಟಿನಾ, ಹೊಡೆ ಬಿಚ್ಚಿ ತೆನೆ ಹೊರಬರುವಾಗ ಪಟೆಲಾನಾ, ತೆನೆಗಳೆಲ್ಲ ಒಂದೇ ಎತ್ತರಕ್ಕೆ ಬಂದಾಗ ಹೊಸ್ಟಿಲಿನಾ, ಹೂ ಕಟ್ಟುವಾಗ ಫ್ಲೋರಾ, ಕಾಳಿನಲ್ಲಿ ಹಾಲು ತುಂಬುವಾಗ ಲ್ಯಾಕ್ಟರ್ನಸ್, ಮಾಗುವಾಗ ಮಟೂಟಾ, ಕಿತ್ತು ತೆಗೆಯುವಾಗ ರುಂಕಿನಾ. ಬಾಗಿಲಿನ ಕಾವಲಿಗೆ ಮನೆಯಲ್ಲಿ ಒಬ್ಬ ಆಳು ಸಾಕು, ಅವನು ಮನುಷ್ಯನಾಗಿದ್ದೂ ಸಾಕಾಗುತ್ತಾನೆ. ಇವರಿಗೆ ಮೂವರು ದೇವರು ಬೇಕಾಯಿತು, ಕದಕ್ಕೆ ಫೋರ್ಕ್ಯುಲಸ್, ತಿರುಗಣೆಗೆ ಕಾರ್ಡಿಯಾ, ಹೊಸ್ತಿಲಿಗೆ ಲಿಮೆಂಟಿನಸ್ ಎನ್ನುತ್ತಾನೆ ಅಗಸ್ಟೀನ್. ಕದ ಕಾಯುವವನಿಗೆ ಹೊಸ್ತಿಲನ್ನೂ ಕಾಯುವ ಶಕ್ತಿ ಇರಲಿಲ್ಲವೇ ಎಂಬುದು ಅವನ ಕೊಂಕು.

ಈ ಹಾಸ್ಯದ ಹಿಂದೆ ಗಟ್ಟಿಯಾದ ವಾದವೊಂದಿದೆ. ಇಷ್ಟು ಸಣ್ಣ ಸಣ್ಣ ಕೆಲಸಗಳಿಗೆ ಒಬ್ಬೊಬ್ಬ ದೇವರನ್ನು ನೇಮಿಸಿಕೊಂಡವರು ಇಡೀ ಸಾಮ್ರಾಜ್ಯವನ್ನು ಬೆಳೆಸಿ ಕಾಪಾಡಿದ ದೇವರು ಯಾರೆಂದು ಹೇಳಬಲ್ಲರು? 410ರ ಆಗಸ್ಟ್‌ನಲ್ಲಿ ಅಲರಿಕನ ಗಾಥ್ ಸೈನ್ಯ ಮೂರು ದಿನ ರೋಮನ್ನು ಲೂಟಿ ಮಾಡಿದಾಗ, ಹಳೆಯ ದೇವರುಗಳನ್ನು ಕೈಬಿಟ್ಟದ್ದರಿಂದಲೇ ಹೀಗಾಯಿತೆಂಬ ದೂರು ಎದ್ದಿತ್ತು. ಅದಕ್ಕೆ ಉತ್ತರವಾಗಿಯೇ ಆತ ಈ ಗ್ರಂಥವನ್ನು ಆರಂಭಿಸಿ, ಹದಿಮೂರು ಹದಿನಾಲ್ಕು ವರ್ಷ ಬರೆದು, 22 ಸಂಪುಟಗಳಲ್ಲಿ ಮುಗಿಸಿದ.

ವಾರೋ ದೇವವಿಚಾರವನ್ನು ಮೂರು ಬಗೆಯಾಗಿ ವಿಂಗಡಿಸಿದ್ದ: ಕವಿಗಳದು, ತತ್ತ್ವಜ್ಞಾನಿಗಳದು, ನಗರದ ಆಚರಣೆಯದು. ಕವಿಗಳ ದೇವರು ಕದಿಯುತ್ತಾರೆ, ವ್ಯಭಿಚಾರ ಮಾಡುತ್ತಾರೆ, ಹಾಗಾಗಿ ಅದು ತ್ಯಾಜ್ಯವೆಂದು ವಾರೋನೇ ಒಪ್ಪುತ್ತಾನೆ. ಆದರೆ ರಂಗಮಂದಿರದಲ್ಲಿ ಆಡುವ ಅದೇ ಕತೆಗಳ ನಾಟಕಗಳು ನಗರದ ದೇವರಿಗೆ ಸಲ್ಲುವ ಸೇವೆಯ ಭಾಗವಾಗಿದ್ದವು. ಅಲ್ಲಿಗೆ ಮೊದಲನೆಯದನ್ನು ಬಿಟ್ಟು ಮೂರನೆಯದನ್ನು ಉಳಿಸಿಕೊಳ್ಳುವ ದಾರಿ ಮುಚ್ಚಿತು ಎಂದು ಅಗಸ್ಟೀನ್ ಪಟ್ಟು ಹಾಕುತ್ತಾನೆ. ರೋಮನ್ನರು ಮೊದಲ 170 ವರ್ಷ ವಿಗ್ರಹಗಳಿಲ್ಲದೆ ಪೂಜಿಸುತ್ತಿದ್ದರು, ಹಾಗೆಯೇ ಇದ್ದಿದ್ದರೆ ಪೂಜೆ ಇನ್ನಷ್ಟು ಶುದ್ಧವಾಗಿರುತ್ತಿತ್ತು ಎಂಬ ವಾರೋನ ಮಾತನ್ನೂ ಅವನ ಮುಂದೆಯೇ ಹಿಡಿಯುತ್ತಾನೆ. ಮನಸ್ಸಿನಲ್ಲಿ ಒಂದು, ಕೈಯಲ್ಲಿ ಇನ್ನೊಂದು ಎಂಬ ಈ ಬಿರುಕು ಅಗಸ್ಟೀನನ ನಿಜವಾದ ಗುರಿ. ದೇವರ ಸಂಖ್ಯೆ ಅದರ ಮುಂದೆ ಗೌಣ.

ಒಬ್ಬ ಸಂದೇಹಿ

ಮೇಷ್ಟ್ರೇ, ಹೊಲದ ದೇವರುಗಳ ಪಟ್ಟಿ ನಗೆ ತರಿಸುವುದೇನೋ ಹೌದು, ಆದರೆ ಅದೇ ಬಗೆಯ ಇನ್ನೊಂದು ಪಟ್ಟಿ ವ್ಯಾಖ್ಯಾನಕಾರ ಸೆರ್ವಿಯಸ್‌ನಲ್ಲಿ ಸಿಗುತ್ತದೆ, ಅದನ್ನು ಪಕ್ಕಕ್ಕಿಟ್ಟು ನೋಡಿದರೆ ನಗು ತುಸು ಕಡಿಮೆಯಾಗುತ್ತದೆ. ಭೂದೇವಿಗೂ ಬೆಳೆಯ ದೇವಿ ಸೀರಿಸ್‌ಗೂ ಬಲಿ ಕೊಡುವಾಗ ಅರ್ಚಕ ಹನ್ನೆರಡು ಹೆಸರುಗಳನ್ನು ಕೂಗುತ್ತಿದ್ದನಂತೆ. ಅವುಗಳ ಅರ್ಥವಿಷ್ಟೆ: ಬೀಳುನೆಲ ಒಡೆಯುವವನು, ಎರಡನೆಯ ಸಾಲು ಉಳುವವನು, ಬಿತ್ತುವವನು, ಹರಗುವವನು, ಕಳೆ ತೆಗೆಯುವವನು, ಕೊಯ್ಯುವವನು, ಹೊತ್ತು ತರುವವನು, ಕೂಡಿಡುವವನು, ಹೊರತೆಗೆದು ಕೊಡುವವನು ಇತ್ಯಾದಿ. ಇದು ಹನ್ನೆರಡು ಜನ ದೇವರ ಸಂಬಳದ ಪಟ್ಟಿಯೋ, ಒಂದು ವರ್ಷದ ಬೇಸಾಯದಲ್ಲಿ ಯಾವ ಹಂತವೂ ಬಿಟ್ಟುಹೋಗದಂತೆ ಹೇಳಿಕೊಂಡ ಪ್ರಾರ್ಥನೆಯೋ? ಅಗಸ್ಟೀನ್ ಪ್ರಾರ್ಥನೆಯನ್ನು ಪಟ್ಟಿಯಾಗಿ ಓದಿ ನಗುತ್ತಿದ್ದಾನೆಂದು ನನ್ನ ಅನುಮಾನ.

ಕಡಲತೀರ

ನಾನು ಕರಾವಳಿಯ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವಳು, ಈ ಲೇಖಕರನ್ನು ಬೇರೆ ದಾರಿಯಿಂದ ಓದಿದವಳು. ‘ಎಷ್ಟು ದೇವರು’ ಎಂಬ ಪ್ರಶ್ನೆಯಿಂದ ಹೊರಟರೆ ಈ ಚರ್ಚೆ ಎಂದೂ ಮುಗಿಯುವುದಿಲ್ಲ. ‘ಯಾರಿಗೆ ಬಲಿ’ ಎಂದು ಕೇಳಿಕೊಂಡರೆ ಎಲ್ಲವೂ ಒಂದು ಕಡೆಗೆ ಬರುತ್ತದೆ ಎಂಬುದು ನನ್ನ ತಿಳಿವಳಿಕೆ.

ಸುಮಾರು 112ರಲ್ಲಿ ರೋಮನ್ ರಾಜ್ಯಪಾಲ ಪ್ಲಿನಿ ತನ್ನೆದುರು ತಂದ ಕ್ರೈಸ್ತರನ್ನು ಪರೀಕ್ಷಿಸಿದ್ದು ಚಕ್ರವರ್ತಿಯ ಪ್ರತಿಮೆಯ ಮುಂದೆ ಧೂಪ ಮತ್ತು ದ್ರಾಕ್ಷಾರಸ ಅರ್ಪಿಸುವರೋ ಇಲ್ಲವೋ ಎಂದು ನೋಡಿ. ಅವರ ನಂಬಿಕೆಯ ತತ್ತ್ವ ಅವನಿಗೆ ಬೇಕಿರಲಿಲ್ಲ. 249ರ ಕೊನೆಯಲ್ಲಿ ಚಕ್ರವರ್ತಿ ಡೀಸಿಯಸ್ ಹೊರಡಿಸಿದ ಆಜ್ಞೆಯ ಪ್ರಕಾರ ಸಾಮ್ರಾಜ್ಯದ ಜನರೆಲ್ಲ ಬಲಿ ಕೊಟ್ಟು ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕಾಯಿತು. ಈಜಿಪ್ಟಿನ ಮರಳಿನಲ್ಲಿ ಅಂಥ 40ಕ್ಕೂ ಹೆಚ್ಚು ಪಪೈರಸ್ ಚೀಟಿಗಳು ಸಿಕ್ಕಿವೆ. ನಾನು ಯಾವಾಗಲೂ ದೇವರುಗಳಿಗೆ ಬಲಿ ಕೊಡುತ್ತ ಬಂದಿದ್ದೇನೆ, ಈಗ ನಿಮ್ಮೆದುರಿನಲ್ಲಿ ಆಜ್ಞೆಯಂತೆ ಬಲಿ ಕೊಟ್ಟು, ಪಾನ ಎರೆದು, ನೈವೇದ್ಯದ ಮಾಂಸ ತಿಂದಿದ್ದೇನೆ ಎಂಬ ಒಕ್ಕಣೆ, ಕೆಳಗೆ ಸಾಕ್ಷಿಯ ರುಜು. ಯಾವ ದೇವರನ್ನು ನಂಬುತ್ತೀ ಎಂಬ ಪ್ರಶ್ನೆಯೇ ಆ ಚೀಟಿಯಲ್ಲಿ ಇಲ್ಲ.

ಪೇಗನ್ ತಾತ್ತ್ವಿಕರೂ ಪರಮದೇವನೊಬ್ಬನೇ ಎಂದು ಒಪ್ಪುತ್ತಿದ್ದರು. ಅವರ ವಾದ ಆಡಳಿತದ ಹೋಲಿಕೆಯ ಮೇಲೆ ನಿಂತಿತ್ತು: ರಾಜನೊಬ್ಬನೇ ಆದರೂ ಅವನ ಅಧಿಕಾರಿಗಳಿಗೆ ಗೌರವ ತೋರದಿದ್ದರೆ ಕೇಡು ತಪ್ಪದು, ಹಾಗೆಯೇ ಪರಮದೇವನ ಪರಿವಾರಕ್ಕೂ ಸಲ್ಲಬೇಕಾದದ್ದು ಸಲ್ಲಬೇಕು ಎಂದು ಸೆಲ್ಸಸ್ ಹೇಳುತ್ತಾನೆ. ಟರ್ಟುಲಿಯನ್ ಇದೇ ಹೋಲಿಕೆಯನ್ನು ಹಿಡಿದು ತಿರುಗಿಸಿದ ರೀತಿ ನೋಡಿ. ಸೀಸರನ ಅನುಗ್ರಹವನ್ನು ಮಾತ್ರ ಬಯಸುವವನು ಯಾವ ಅಪರಾಧ ಮಾಡಿದಂತಾಯಿತು? ಸೀಸರನನ್ನು ಬಿಟ್ಟು ಬೇರೊಬ್ಬನನ್ನು ಸೀಸರ್ ಎಂದು ಕರೆದರೆ ನಿಮ್ಮ ಕಾನೂನಿನಲ್ಲಿ ಅದಕ್ಕೆ ಮರಣದಂಡನೆಯಲ್ಲವೇ? ಅಧಿಕಾರಿಗೆ ಮರ್ಯಾದೆ ಸರಿ, ಅಧಿಕಾರಿಗೆ ರಾಜನ ಬಿರುದು ಕೂಡದು. ಅಗಸ್ಟೀನ್ ಇದನ್ನು ಗ್ರೀಕಿನ ‘ಲಾಟ್ರಿಯಾ’ ಎಂಬ ಪದದಲ್ಲಿ ಗಟ್ಟಿಗೊಳಿಸಿದ. ದೇವರಿಗಷ್ಟೇ ಸಲ್ಲುವ ಆ ಸೇವೆಯ ಹೊರಗುರುತು ಬಲಿ.

ಸಂದೇಹಿಯವರು ಕೇಳುವ ಮೊದಲೇ ನಾನು ಹೇಳಿಬಿಡುತ್ತೇನೆ: ಹಾಗಾದರೆ ಸಂತರ, ಹುತಾತ್ಮರ ಸಮಾಧಿಗಳ ಕತೆಯೇನು ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ವಿಗ್ರಹಗಳನ್ನು ಬಿಟ್ಟು ಅವುಗಳ ಜಾಗದಲ್ಲಿ ಹುತಾತ್ಮರನ್ನು ತಂದು ಕೂರಿಸಿದ್ದೀರಿ ಎಂದು ಮಾನಿ ಎಂಬ ಪ್ರವಾದಿಯನ್ನು ಅನುಸರಿಸುವ ಪಂಥದ ಫೌಸ್ಟಸ್ ಚುಚ್ಚಿದ್ದ. ನಮ್ಮ ಯಾವ ಯಾಜಕನೂ ಬಲಿಪೀಠದ ಮುಂದೆ ನಿಂತು ‘ಪೇತ್ರನೇ, ಪೌಲನೇ, ಸಿಪ್ರಿಯನನೇ, ನಿನಗೆ ಬಲಿ ಅರ್ಪಿಸುತ್ತೇನೆ’ ಎನ್ನುವುದಿಲ್ಲ ಎಂಬುದು ಅಗಸ್ಟೀನನ ಉತ್ತರ. ಆದರೆ ಅವನ ಸ್ವಂತ ತಾಯಿ ಮೋನಿಕಾ ಆಫ್ರಿಕಾದ ಪದ್ಧತಿಯಂತೆ ಗಂಜಿ, ರೊಟ್ಟಿ, ದ್ರಾಕ್ಷಾರಸ ತುಂಬಿದ ಬುಟ್ಟಿ ಹಿಡಿದು ಮಿಲಾನಿನ ಸಮಾಧಿಗಳಿಗೆ ಹೋದಾಗ ಬಾಗಿಲಿನ ಕಾವಲುಗಾರ ತಡೆದ. ಬಿಷಪ್ ಆಂಬ್ರೋಸ್ ಅದನ್ನು ನಿಷೇಧಿಸಿದ್ದ, ಪೇಗನ್ನರು ಸತ್ತವರಿಗೆ ಇಡುವ ಎಡೆಯಂತೆ ಅದು ಕಾಣುತ್ತಿತ್ತೆಂಬುದು ಒಂದು ಕಾರಣ. ಆಕೆ ಎದುರಾಡದೆ ಬುಟ್ಟಿ ಬಿಟ್ಟಳು. ಪುಸ್ತಕದಲ್ಲಿ ಎಳೆದ ಗೆರೆ ಅಡುಗೆಮನೆಯ ಬುಟ್ಟಿಯವರೆಗೂ ಬಂದು ಮುಟ್ಟಬೇಕಾಯಿತು.

ಹೊತ್ತಗೆಹುಳು

ಎಲ್ಲರಿಗೂ ಧನ್ಯವಾದ. ಅಥೆನಾಗೊರಸ್‌ನ ವಿಂಗಡಣೆ ಸಿಕ್ಕಿದ ಮೇಲೆ ನನ್ನ ಮೊದಲ ಪ್ರಶ್ನೆ ಬಗೆಹರಿದಂತಾಯಿತು. ಈಗ ಹುಟ್ಟಿದ ಪ್ರಶ್ನೆ ಇನ್ನೊಂದು. ಅಷ್ಟು ದೊಡ್ಡ ರಹಸ್ಯವನ್ನು ಒಂದೇ ದಾರಿಯಿಂದ ತಲುಪಲಾಗದು ಎಂಬ, ನಾಲ್ಕನೆಯ ಶತಮಾನದ ಪೇಗನ್ ಮುಖಂಡ ಸಿಮ್ಮಾಕಸ್‌ನ ಮಾತು ಎಲ್ಲರ ಬಾಯಲ್ಲೂ ಇದೆ, ಮತ್ತು ನಮ್ಮವರು ಅದನ್ನು ಓದಿದ ಕೂಡಲೇ ‘ಏಕಂ ಸತ್’ ಎಂದು ತಲೆದೂಗುತ್ತಾರೆ. ಆ ಹೋಲಿಕೆಯನ್ನು ಇಲ್ಲಿ ಬೆಳೆಸುವುದು ಬೇಡ. ಇದಕ್ಕೆ ಕ್ರೈಸ್ತರು ಕೊಟ್ಟ ಉತ್ತರವೇನು ಎಂಬುದನ್ನಷ್ಟೇ ತಿಳಿಯಬೇಕಾಗಿದೆ.

ಮೇಷ್ಟ್ರು

ಆ ಮಾತು ಹುಟ್ಟಿದ ಸಂದರ್ಭ ಒಂದು ಸರಕಾರಿ ಕಾಗದ ಎಂಬುದನ್ನು ಮೊದಲು ಹೇಳಬೇಕು. ರೋಮಿನ ಸೆನೆಟ್ ಭವನದಲ್ಲಿ ಆಗಸ್ಟಸ್ ಸ್ಥಾಪಿಸಿದ ವಿಜಯದೇವಿಯ ಬಲಿಪೀಠವಿತ್ತು. ಅದನ್ನು 357ರಲ್ಲಿ ಒಮ್ಮೆ ತೆಗೆಸಿ, ಮತ್ತೆ ಇಟ್ಟು, 382ರಲ್ಲಿ ಚಕ್ರವರ್ತಿ ಗ್ರೇಷಿಯನ್ ಮತ್ತೊಮ್ಮೆ ತೆಗೆಸಿದ. ವೆಸ್ಟಾ ದೇವಿಯ ಅರ್ಚಕಿಯರಾದ ಕನ್ಯೆಯರಿಗೆ ಬರುತ್ತಿದ್ದ ರಾಜಧನವನ್ನೂ ನಿಲ್ಲಿಸಿದ. 384ರಲ್ಲಿ ನಗರದ ಅಧ್ಯಕ್ಷನಾಗಿದ್ದ ಸಿಮ್ಮಾಕಸ್ ಹದಿಹರೆಯದ ಚಕ್ರವರ್ತಿ ಎರಡನೆಯ ವ್ಯಾಲೆಂಟಿನಿಯನ್‌ಗೆ ಮನವಿ ಬರೆದ. ನಾವೆಲ್ಲ ನೋಡುವುದು ಅದೇ ನಕ್ಷತ್ರಗಳನ್ನು, ಆಕಾಶ ಎಲ್ಲರದು ಎಂದು ಬರೆದ ಆ ಭಾಗ ನಿಜವಾಗಿಯೂ ಸುಂದರ. ಅದೇ ಮನವಿಯಲ್ಲಿ, ಕನ್ಯೆಯರ ಭತ್ಯೆ ನಿಲ್ಲಿಸಿದ್ದರಿಂದಲೇ ಹಿಂದಿನ ವರ್ಷ ಬರಗಾಲ ಬಂತು ಎಂಬ ಮಾತೂ ಇದೆ.

ಆಂಬ್ರೋಸ್ ಉತ್ತರಿಸಿದ್ದು ಎರಡು ಪತ್ರಗಳಲ್ಲಿ. ಮೊದಲನೆಯದರಲ್ಲಿ ಬೆದರಿಕೆಯೇ ಇದೆ: ಒಪ್ಪಿದರೆ ನೀನು ಚರ್ಚಿಗೆ ಬರಬಹುದು, ಆದರೆ ಅಲ್ಲಿ ಯಾಜಕನಿರುವುದಿಲ್ಲ, ಇದ್ದರೆ ನಿನ್ನನ್ನು ಎದುರಿಸುವವನಿರುತ್ತಾನೆ. ಎರಡನೆಯದು ವಾದ. ರೋಮನ್ನು ಕಾಪಾಡಿದ್ದು ಹಳೆಯ ದೇವರುಗಳು ಎನ್ನುತ್ತೀರಿ. ಗಾಲರು ರಾತ್ರಿ ಕ್ಯಾಪಿಟೋಲ್ ಬೆಟ್ಟ ಹತ್ತಿ ಬಂದಾಗ ಎಚ್ಚರಿಸಿದ್ದು ಹೆಬ್ಬಾತುಗಳು. ಆಗ ಜ್ಯೂಪಿಟರ್ ಎಲ್ಲಿದ್ದ, ಹೆಬ್ಬಾತಿನ ಬಾಯಲ್ಲಿ ಮಾತಾಡುತ್ತಿದ್ದನೇ ಎಂದು ಕೇಳುತ್ತಾನೆ. ರೋಮಿನ ಶತ್ರು ಹ್ಯಾನಿಬಲ್ ಪೂಜಿಸಿದ್ದೂ ಇದೇ ದೇವರುಗಳನ್ನು, ಅವರು ಯಾರ ಪಕ್ಷ? ಪುರಾತನವಾದದ್ದೇ ಶ್ರೇಷ್ಠವೆಂದಾದರೆ ಸುಗ್ಗಿ ವರ್ಷದ ಕೊನೆಗೆ ಬರುತ್ತದೆಂದು ಪೈರನ್ನೂ ದೂರಬೇಕಾದೀತು. ನಿಮ್ಮ ದೇವಸ್ಥಾನಗಳು ಎಷ್ಟು ಸೆರೆಯಾಳುಗಳನ್ನು ಬಿಡಿಸಿವೆ, ಎಷ್ಟು ಬಡವರಿಗೆ ಉಣಿಸಿವೆ, ಲೆಕ್ಕ ಕೊಡಿ ಎಂದೂ ಕೇಳುತ್ತಾನೆ. 378ರಲ್ಲಿ ಏಡ್ರಿಯಾನೋಪಲ್‌ನಲ್ಲಿ ಗಾಥರಿಂದ ರೋಮನ್ನರು ಕಂಡ ಸೋಲಿನ ನಂತರ ಸೆರೆಸಿಕ್ಕವರನ್ನು ಬಿಡಿಸಲು ಚರ್ಚಿನ ಪೂಜಾಪಾತ್ರೆಗಳನ್ನೇ ಕರಗಿಸಿದವನು ಆತನಾದ್ದರಿಂದ ಆ ಪ್ರಶ್ನೆಗೆ ತೂಕವಿದೆ.

‘ಒಂದೇ ದಾರಿ’ಯ ಮಾತಿಗೆ ಕೊಟ್ಟ ಉತ್ತರ ಮಾತ್ರ ಚುಟುಕು: ನೀವು ಊಹೆಯಿಂದ ಹುಡುಕುತ್ತಿರುವುದನ್ನು ನಾವು ದೇವರ ಬಾಯಿಂದಲೇ ಕೇಳಿ ಬಲ್ಲೆವು. ಸಿಮ್ಮಾಕಸ್‌ನ ವಾದ ‘ತಿಳಿಯಲಾಗದು’ ಎಂಬಲ್ಲಿಂದ ಹೊರಡುತ್ತದೆ, ಇವನದು ‘ತಿಳಿಸಲಾಗಿದೆ’ ಎಂಬಲ್ಲಿಂದ. ಅಲ್ಲಿಂದ ಮುಂದೆ ಇಬ್ಬರೂ ಭೇಟಿಯಾಗುವ ಜಾಗವಿಲ್ಲ. ಆಗ ಬಲಿಪೀಠ ಹಿಂದಿರುಗಲಿಲ್ಲ.

ಒಬ್ಬ ಸಂದೇಹಿ

ಬಲಿಪೀಠ ಹಿಂದಿರುಗದಿದ್ದುದು ವಾದದ ಬಲದಿಂದಲೋ ಬೆದರಿಕೆಯ ಬಲದಿಂದಲೋ ಎಂಬುದನ್ನು ಮೇಷ್ಟ್ರು ಜಾಣತನದಿಂದ ಬಿಟ್ಟುಬಿಟ್ಟಿದ್ದಾರೆ. 212ರಲ್ಲಿ ಇದೇ ಟರ್ಟುಲಿಯನ್ ಆಫ್ರಿಕಾದ ರಾಜ್ಯಪಾಲನಿಗೆ ಬರೆಯುತ್ತ, ತನಗೆ ಸರಿಕಂಡದ್ದನ್ನು ಪೂಜಿಸುವುದು ಪ್ರತಿಯೊಬ್ಬ ಮನುಷ್ಯನ ಹಕ್ಕು, ಧರ್ಮವನ್ನು ಬಲವಂತದಿಂದ ಹೇರುವುದು ಧರ್ಮದ ಕೆಲಸವಲ್ಲ ಎಂದಿದ್ದ. ನೂರು ವರ್ಷದ ನಂತರ ಲ್ಯಾಕ್ಟಾಂಟಿಯಸ್‌ನೂ ಅದನ್ನೇ ಹೇಳಿದ. ಆದರೆ 346ರ ಸುಮಾರಿಗೆ ಕ್ರೈಸ್ತ ಲೇಖಕ ಫಿರ್ಮಿಕಸ್ ಮಾಟರ್ನಸ್ ಚಕ್ರವರ್ತಿಗಳಿಗೆ ಕೊಡುವ ಸಲಹೆ, ದೇವಸ್ಥಾನಗಳ ಆಭರಣಗಳನ್ನು ಕಿತ್ತು ತೆಗೆಯಿರಿ, ಟಂಕಸಾಲೆಯ ಬೆಂಕಿ ಆ ದೇವರುಗಳನ್ನು ಕರಗಿಸಲಿ ಎಂಬುದು. 391ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಬಲಿಯನ್ನು ಕಾನೂನಿನಿಂದ ನಿಷೇಧಿಸಿದ. ಅಲೆಕ್ಸಾಂಡ್ರಿಯಾದ ಸೆರಾಪಿಸ್ ಮಂದಿರ ನೆಲಸಮವಾದದ್ದೂ ಆ ಹೊತ್ತಿನಲ್ಲೇ. ಸಿಸೀಲಿಯಸ್ ಕಡಲತೀರದಲ್ಲಿ ಮುತ್ತಿಟ್ಟದ್ದು ಇದೇ ಸೆರಾಪಿಸ್‌ಗೆ. ಗೆಳೆಯರ ಹರಟೆಯಾಗಿ ಆರಂಭವಾದದ್ದು ಎಲ್ಲಿಗೆ ಬಂದು ನಿಂತಿತು ನೋಡಿ. ಕಡಲತೀರ ಅವರು ಹೇಳಿದ ‘ಯಾರಿಗೆ ಬಲಿ’ ಎಂಬ ಪ್ರಶ್ನೆಯನ್ನೇ ನಾನೂ ಒಪ್ಪುತ್ತೇನೆ. ಡೀಸಿಯಸ್ ಬಲಿ ಕೊಡಲೇಬೇಕೆಂದ, ಥಿಯೊಡೋಸಿಯಸ್ ಕೊಡಲೇಕೂಡದೆಂದ.

ಕಡಲತೀರ

ಅದನ್ನು ಅಲ್ಲಗಳೆಯಲಾರೆ. ಸಮರ್ಥಿಸುವ ಮನಸ್ಸೂ ನನಗಿಲ್ಲ.

ಲ್ಯಾಟಿನ್ ಕಲಿಕೆ

ಹಲವು ಹೆಸರು, ಒಂದೇ ದೇವರು ಎಂಬ ವಾದಕ್ಕೆ ಸಿಮ್ಮಾಕಸ್‌ಗಿಂತ ನೇರವಾದ ಸಾಕ್ಷಿ ಅಗಸ್ಟೀನನ ಪತ್ರಸಂಗ್ರಹದಲ್ಲೇ ಇದೆ. ಸುಮಾರು 390ರಲ್ಲಿ ಮದೌರದ ಮ್ಯಾಕ್ಸಿಮಸ್ ಎಂಬ ವ್ಯಾಕರಣದ ಉಪಾಧ್ಯಾಯ ಅವನಿಗೆ ಬರೆಯುತ್ತ, ಪರಮದೇವನ ಸ್ವಂತ ಹೆಸರು ನಮಗೆ ತಿಳಿಯದು, ಆದ್ದರಿಂದ ಲೋಕದಲ್ಲೆಲ್ಲ ಹರಡಿರುವ ಅವನ ಶಕ್ತಿಗಳನ್ನು ಹಲವು ಹೆಸರುಗಳಿಂದ ಕರೆಯುತ್ತೇವೆ ಎಂದ. ಅದೇ ಪತ್ರದಲ್ಲಿ ಆಫ್ರಿಕಾದ ಹುತಾತ್ಮರ ಪ್ಯೂನಿಕ್ (ಅಲ್ಲಿನ ಹಳೆಯ ನುಡಿಯ) ಹೆಸರುಗಳನ್ನು ಹಾಸ್ಯ ಮಾಡಿದ. ಆಫ್ರಿಕಾದವನಾಗಿ ಆಫ್ರಿಕಾದವರಿಗೆ ಬರೆಯುತ್ತ ಪ್ಯೂನಿಕ್ ಹೆಸರುಗಳನ್ನು ಹಳಿಯುವಷ್ಟು ನಿನ್ನನ್ನು ನೀನೇ ಮರೆತೆಯಾ ಎಂದು ಅಗಸ್ಟೀನ್ ಗದರಿದ. ದೇವರ ಹೆಸರಿನ ಪ್ರಶ್ನೆಗಿಂತ ಊರಿನ ಹೆಸರುಗಳ ಪ್ರಶ್ನೆಯೇ ಅವನಿಗೆ ಹೆಚ್ಚು ತಾಕಿದಂತಿದೆ, ನುಡಿಯ ಬಗ್ಗೆ ಕೀಳರಿಮೆ ಕಂಡವರಿಗೆ ಅದು ಅರ್ಥವಾಗುತ್ತದೆ.

ಕೊನೆಯದಾಗಿ ಒಂದು ಕಲ್ಲಿನ ವಿಷಯ. ಲ್ಯಾಕ್ಟಾಂಟಿಯಸ್ ತನ್ನ ಗ್ರಂಥದ ಮೊದಲ ಸಂಪುಟದಲ್ಲಿ, ಅಪೊಲೊ ದೇವರೇ ಏಕದೇವನನ್ನು ಒಪ್ಪಿಕೊಂಡಿದ್ದಾನೆ ನೋಡಿ ಎಂದು ಒಂದು ದೇವವಾಣಿಯ ಮೂರು ಸಾಲುಗಳನ್ನು ಗ್ರೀಕಿನಲ್ಲೇ ಉದ್ಧರಿಸುತ್ತಾನೆ: ತಾನೇ ಹುಟ್ಟಿದವನು, ಯಾರೂ ಕಲಿಸದವನು, ತಾಯಿಯಿಲ್ಲದವನು, ಅಲುಗದವನು, ಮಾತಿನಲ್ಲಿ ಹಿಡಿಸದ ಹೆಸರಿನವನು, ಬೆಂಕಿಯಲ್ಲಿ ನೆಲೆಸಿದವನು, ಇವನೇ ದೇವರು, ನಾವು ದೂತರು ಅವನ ಒಂದು ಸಣ್ಣ ಪಾಲು. ಇಂದಿನ ತುರ್ಕಿಯಲ್ಲಿರುವ ಓಯ್ನೊಆಂಡಾ ಎಂಬ ಹಾಳೂರಿನ ಕೋಟೆಗೋಡೆಯ ಮೇಲೆ ಇದೇ ಸಾಲುಗಳು ಕೊರೆದಿರುವುದು ಸಿಕ್ಕಿದೆ. ಪೂರ್ವಕ್ಕೆ ಮುಖ ಮಾಡಿ ಬೆಳಗಿನಲ್ಲಿ ಪ್ರಾರ್ಥಿಸಿರಿ ಎಂದು ಮುಗಿಯುವ ಆ ಶಾಸನಕ್ಕೆ ಹೊತ್ತು ಮೂಡುವಾಗಿನ ಬೆಳಕು ಬೀಳುತ್ತದೆ, ಮತ್ತು ಅದರ ಹತ್ತಿರವೇ ಪರಮೋನ್ನತ ದೇವರಿಗೆ ದೀಪ ಅರ್ಪಿಸಿದ ಹೆಣ್ಣುಮಗಳೊಬ್ಬಳ ಚಿಕ್ಕ ಶಾಸನವೂ ಇದೆ.

ಕಲ್ಲಿನ ಪಾಠವನ್ನೂ ಪುಸ್ತಕದ ಪಾಠವನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಒಂದು ವ್ಯತ್ಯಾಸ ಕಾಣುತ್ತದೆ. ಹೆಸರಿಗೆ ನಿಲುಕದವನು ಎಂಬುದರ ಬೆನ್ನಿಗೇ ಕಲ್ಲಿನಲ್ಲಿ ‘ಪೊಲುಓನುಮೊಸ್’ ಎಂಬ ಪದ ಇದೆ, ಅಂದರೆ ಹಲವು ಹೆಸರಿನವನು. ಲ್ಯಾಕ್ಟಾಂಟಿಯಸ್‌ನ ಪುಸ್ತಕದಲ್ಲಿ ಆ ಪದವಿಲ್ಲ.